ಹಂಡ್ಯಾ ಒದ್ದೆ ಮಾಡಿದ ನೆಲ

ಯಶವಂತಪುರ, ಬೆಂಗಳೂರು
20 ನವೆಂಬರ್ 1983

ಪ್ರೀತಿಯ ರತ್ನಕ್ಕನಿಗೆ ತಂಗಿ ನಿಂಗವ್ವನ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ನೀನು ಸಿಟ್ಟಾಗಿರುತ್ತೀ. ಆಗು, ಆದರೆ ಪೂರ್ತಿ ಓದು. ದೀಪಾವಳಿಗೆ ನೀನು ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿತು, ಒಂದೂ ಮುರಿದಿರಲಿಲ್ಲ. ಮಾಮಾ ಅವರ ಮೊಣಕಾಲು ಈಗ ಹೇಗಿದೆ? ಚಳಿಗೆ ಹೆಚ್ಚಾಗಿರಬೇಕು. ಅವ್ವನಿಗೆ ರಾತ್ರಿ ಹಾಲು ಕುಡಿಯಲು ನಾನು ಹೇಳಿದೆನೆಂದು ಹೇಳು.

ಕಾಗದ ತಡವಾದದ್ದಕ್ಕೆ ಕಾರಣ ಹೇಳಿದರೆ ನಗುತ್ತೀ. ಕಾರಣ ಒಂದು ನಾಯಿ. ನಮ್ಮ ದಾಕ್ಷಾಯಿಣಿ ಕಾಲೇಜಿಗೆ ಹೋಗುವಾಗ ರೈಲು ಗೂಡ್ಸ್ ಶೆಡ್ಡಿನ ಹತ್ತಿರ ಸಿಕ್ಕ ಮರಿಯನ್ನು ತಂದು ಸಾಕಿದ್ದಳಲ್ಲ, ಕಪ್ಪು ಬಿಳಿ ಮಚ್ಚೆಯ ಹಂಡ್ಯಾ. ಮದುವೆಯಾಗಿ ತುಮಕೂರಿಗೆ ಹೋಗುವಾಗ ಹಟ ಹಿಡಿದು ಅದನ್ನೂ ಕರೆದುಕೊಂಡು ಹೋದಳು. ಅದು ಈಗ ನಮ್ಮಲ್ಲಿಗೇ ತಿರುಗಿ ಬಂದಿದೆ. ಪಕ್ಕದ ಮನೆಯ ಗುಲಾಮ್ ರಸೂಲ್ ತುಮಕೂರಿನಿಂದ ಇಲ್ಲಿಯ ಮಾರ್ಕೆಟ್ಟಿಗೆ ತೆಂಗಿನಕಾಯಿ ತರುವ ಟೆಂಪೋ ಓಡಿಸುತ್ತಾನೆ. ಒಂದು ಬೆಳಿಗ್ಗೆ ಕಾಯಿ ಚೀಲಗಳ ನಡುವಿನಿಂದ ಇದನ್ನು ಇಳಿಸಿ, "ನಿಂಗಕ್ಕಾ, ನಿಮ್ಮ ಅಳಿಯ ಸಾಬ್ ಕೊಟ್ರು. ಮನೇಲೆಲ್ಲಾ ಗಲೀಜು ಮಾಡ್ತಂತೆ. ಇಟ್ಕೊಂಡ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ದಾರೀಲಿ ಎಲ್ಲಾದ್ರೂ ಬಿಟ್ಬಿಡು ಅಂದ್ರು. ನಂಗೆ ಮನಸ್ಸು ಬರ್ಲಿಲ್ಲ" ಅಂದ.

ಗಲೀಜು ಮಾಡುವ ನಾಯಿಯೇ ಅಲ್ಲ ಅದು, ಅಕ್ಕಾ. ನೀನು ಬಂದಾಗ ನೋಡಿದ್ದೆಯಲ್ಲ, ಹೊರಗೆ ಹೋಗಬೇಕಾದರೆ ಬಾಗಿಲ ಚಿಲಕಕ್ಕೆ ಮೂತಿ ತಾಗಿಸಿ ಕರೆಯುತ್ತಿತ್ತು. ಈಗ ಅಡುಗೆಮನೆಯ ಮೂಲೆ, ದೇವರ ಜಗಲಿಯ ಕೆಳಗೆ, ಮಂಚದ ಕಾಲಿಗೆ, ಎಲ್ಲೆಂದರಲ್ಲಿ ಉಚ್ಚೆ. ಕೆಲವು ದಿನ ಅದಕ್ಕಿಂತ ಹೆಚ್ಚಿನದೂ. ಫಿನಾಯಿಲ್ ಹಾಕಿ ಒರೆಸಿ ಒರೆಸಿ ನನ್ನ ಕೈ ಸುಲಿದಿದೆ. ಒರೆಸಿದ ಜಾಗಕ್ಕೇ ಮತ್ತೆ ಬಂದು ಮಾಡುತ್ತದೆ. ಹಿತ್ತಲಲ್ಲಿ ಕಟ್ಟಿಹಾಕಿದರೆ ಊಳಿಡುತ್ತದೆ. ಮನೆ ಮಾಲೀಕಳು ಸೊಣ್ಣಮ್ಮ ಮೂಗಿಗೆ ಸೆರಗು ಹಿಡಿದು ಬಂದು, "ನೋಡವ್ವ ನಿಂಗವ್ವ, ಇಂಗೆ ಒಲಸು ಮಾಡೋ ನಾಯೀನ ಮಡಿಕೊಂಡ್ರೆ ನನ್ನ ಗಾರೆ ನೆಲ ಆಳಾಗೋಯ್ತದೆ. ನಾಯಿ ಓಗ್ಲಿ, ಇಲ್ಲಾ ನೀವೋಗಿ" ಎಂದು ಹೇಳಿ ಹೋದಳು. ಅವಳ ಮಾತಿನಲ್ಲೂ ತಪ್ಪಿಲ್ಲ. ಮನೆ ಅವಳದು.

ಉಚ್ಚೆ ಹೊಯ್ದಲ್ಲಿ ಮೂಗು ಹಿಡಿದು ಉಜ್ಜಿದರೆ ಬುದ್ಧಿ ಬರುತ್ತದೆ ಎಂದು ಯಾರೋ ಹೇಳಿದರು. ಒಮ್ಮೆ ಹಾಗೂ ಮಾಡಿದೆ. ಅದು ಕಚ್ಚಲಿಲ್ಲ, ಗುರ್ ಎನ್ನಲೂ ಇಲ್ಲ. ಮೈಯನ್ನೆಲ್ಲ ನೆಲಕ್ಕೆ ಹಚ್ಚಿ, ಅಲ್ಲಿಯೇ ಇನ್ನೊಮ್ಮೆ ಒದ್ದೆ ಮಾಡಿತು. ಆಮೇಲೆ ನನಗೆ ಕೈ ಏಳಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ನಮ್ಮ ಮನೆಯವರು ಫ್ಯಾಕ್ಟರಿಯಿಂದ ಬಂದು ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕುವ ಹೊತ್ತಿಗೆ ತಪ್ಪದೆ ಮಾಡುತ್ತದೆ. ಇವರು, "ನಾ ಏನ ಮಾಡೀನಿ ಇದಕ್ಕ? ನನ್ನ ಕೈಯಾಗ ರೊಟ್ಟಿ ತಿಂದು ಬೆಳೆದದ್ದು" ಎಂದು ನೊಂದುಕೊಳ್ಳುತ್ತಾರೆ.

ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ತೋರಿಸು ಎಂದು ಗುಲಾಮ್ ರಸೂಲನ ಹೆಂಡತಿ ಗೌಹರ್ ಹೇಳುತ್ತಾಳೆ. ಮೂತ್ರದ ರೋಗವೇನಾದರೂ ಇರಬಹುದು. ನಾಳೆ ಅವರ ಟೆಂಪೋದಲ್ಲೇ ಹೋಗುತ್ತೇನೆ. ದಾಕ್ಷಿಗೆ ಕಾಗದ ಹಾಕಿದೆ, 'ಎಲ್ಲಾ ಚಲೋ ಅದ' ಎಂದು ಒಂದೇ ಸಾಲು ಬರೆದಿದ್ದಾಳೆ. ನಾಯಿಯ ಬಗ್ಗೆ ಒಂದಕ್ಷರವಿಲ್ಲ.

ಅವ್ವನಿಗೂ ಮಾಮಾ ಅವರಿಗೂ ನಮಸ್ಕಾರ. ಮಕ್ಕಳಿಗೆ ನನ್ನ ಹರಕೆ.

ನಿನ್ನ ನಿಂಗಿ

*

ಯಶವಂತಪುರ
5 ಫೆಬ್ರುವರಿ 1984

ಪ್ರೀತಿಯ ರತ್ನಕ್ಕನಿಗೆ ನಿಂಗವ್ವನ ಶರಣು.

ಸಂಕ್ರಾಂತಿಗೆ ಎಳ್ಳು ಸಹ ಕಳಿಸಲಿಲ್ಲ ತಂಗಿ ಅಂದುಕೊಂಡಿರುತ್ತೀ. ಹಬ್ಬ ಮಾಡುವ ಮನಸ್ಸು ನಮ್ಮಲ್ಲಿ ಇರಲಿಲ್ಲ. ಮೊದಲು ನಾಯಿಯ ಸುದ್ದಿ ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ. ಒಂದರಿಂದಲೇ ಇನ್ನೊಂದು ತಿಳಿದದ್ದು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ರೋಗ ಏನೂ ಇಲ್ಲ. ಯಾವ ಹೊತ್ತಿಗೆ ಮಾಡುತ್ತದೆ, ಯಾರಿದ್ದಾಗ ಮಾಡುತ್ತದೆ ಎಂದು ಕೇಳಿದರು. ನಾನು ಬೆಲ್ಟಿನ ಮಾತು ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಅಮ್ಮಾ, ಇದು ಕೊಬ್ಬಿಗೆ ಮಾಡ್ತಿರೋದಲ್ಲ, ಹೆದರಿ ಮಾಡ್ತಿರೋದು. ಮೊದಲಿದ್ದ ಮನೇಲಿ ಯಾರು ಹೊಡೀತಾ ಇದ್ರು?" ಎಂದರು. ಜೊತೆಗೆ ಬಂದಿದ್ದ ಗೌಹರ್ ನನ್ನ ಮುಖ ನೋಡಿದಳು, ನಾನು ನಾಯಿಯ ಮುಖ ನೋಡಿದೆ.

ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಬಿಡಿಸಿ ಹೇಳಿದರು. ಬೆಳೆದ ನಾಯಿಯಾದರೂ ಮರಿಯ ಹಾಗೆ ಮೊದಲಿನಿಂದ ಕಲಿಸಬೇಕಂತೆ. ಎದ್ದ ಕೂಡಲೇ, ಉಂಡ ಕೂಡಲೇ, ಮಲಗುವ ಮುಂಚೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಮಾಡಿದರೆ ಆ ಕ್ಷಣವೇ ಮುದ್ದು ಮಾಡಿ ತಿನ್ನಲು ಏನಾದರೂ ಕೊಡಬೇಕು. ಒಳಗೆ ಮಾಡಿದರೆ ಬೈಯಬಾರದು, ಸುಮ್ಮನೆ ಒರೆಸಬೇಕು. ಬರೀ ಫಿನಾಯಿಲ್ ಸಾಲದು, ವಿನಿಗರ್ ಬೆರೆಸಿದ ನೀರಿನಿಂದ ತೊಳೆದು ಹಳೆಯ ವಾಸನೆ ತೆಗೆಯಬೇಕು, ಇಲ್ಲದಿದ್ದರೆ ಅದೇ ಜಾಗ ಹುಡುಕಿಕೊಂಡು ಬರುತ್ತದೆ. ಮನೆ ತುಂಬ ತಿರುಗಲು ಬಿಡದೆ ನಾವು ಕಾಣುವಲ್ಲೇ ಇಟ್ಟುಕೊಳ್ಳಬೇಕು. ಎದುರು ನಿಂತು ದಿಟ್ಟಿಸಬಾರದು, ಮೇಲೆ ಬಾಗಬಾರದು.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ, ಡಾಕ್ಟರು ಕೇಳಿದ ಆ ಪ್ರಶ್ನೆಯನ್ನೂ ಹೇಳಿದೆ. ಮರುದಿನದಿಂದ ಇವರು ಹಿತ್ತಲ ಬಚ್ಚಲಲ್ಲೇ ಬೆಲ್ಟು ಬಿಚ್ಚಿ, ಲುಂಗಿ ಸುತ್ತಿಕೊಂಡು ಒಳಗೆ ಬರುತ್ತಾರೆ. ಬಂದು ಹಂಡ್ಯಾಗೆ ಬೆನ್ನು ಮಾಡಿ ನೆಲದ ಮೇಲೆ ಕೂತು, ಅದರ ಕಡೆ ನೋಡದೆ ರೊಟ್ಟಿಯ ಚೂರು ಹಿಂದಕ್ಕೆ ಇಡುತ್ತಾರೆ. ಹತ್ತು ಹನ್ನೆರಡು ದಿನ ಇವರು ಕೂತಿರುವ ತನಕ ಅದು ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಆಮೇಲೊಂದು ಸಂಜೆ ಬಂದು ಇವರ ಬೆನ್ನಿಗೆ ಒರಗಿ ಮಲಗಿತು. ಇವರು ಕಾಲು ಜೋಮು ಹಿಡಿದರೂ ಏಳದೆ ಕೂತಿದ್ದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಹಿತ್ತಲ ಹೊಂಗೆಮರದ ಬುಡವನ್ನು ಅದರ ಜಾಗ ಮಾಡಿದೆ. ಮೊದಮೊದಲು ನಾಲ್ಕು ಸಲ ಹೊರಗೆ ಮಾಡಿದರೆ ಒಂದೆರಡು ಸಲ ಒಳಗೆ. ಬರಬರುತ್ತಾ ಕಡಿಮೆಯಾಗಿ ಡಿಸೆಂಬರ್ ಮುಗಿಯುವ ಹೊತ್ತಿಗೆ ನೆಲ ಒಣಗಿತು. ಸೊಣ್ಣಮ್ಮ ಬಂದು ಮೂಸಿ ನೋಡಿ, "ಅಯ್ ಸಿವನೇ, ವಾಸ್ನೇನೇ ಇಲ್ಲ!" ಅಂದಳು.

ಆದರೆ ನೆಲ ಒಣಗಿದಷ್ಟೂ ನನ್ನ ಎದೆ ಭಾರವಾಯಿತು. ನಾಯಿಗೆ ಬೆಲ್ಟು ತೋರಿಸಿದವನು ನಾಯಿಗಷ್ಟೇ ತೋರಿಸಿರುತ್ತಾನೆಯೇ? ಸಂಕ್ರಾಂತಿಗೆ ದಾಕ್ಷಿಯನ್ನು ಕಳಿಸಿಕೊಡಿ ಎಂದು ಬರೆದೆವು. ಅಳಿಯ ಕಾಶಿನಾಥ, ಆಕೆಗೆ ಮೈಯಲ್ಲಿ ಆರಾಮಿಲ್ಲ ಎಂದು ಬರೆದ. ಇವರು ಆ ಕಾಗದ ಓದಿ ಮಡಚಿಟ್ಟರು. ಮುಂದಿನ ಭಾನುವಾರ ಗೊರಗುಂಟೆಪಾಳ್ಯದಲ್ಲಿ ತುಮಕೂರು ಬಸ್ಸು ಹತ್ತಿದರು.

ಅಲ್ಲಿ ನಡೆದದ್ದನ್ನು ಇವರು ಹೇಳಿದ ಹಾಗೆಯೇ ಬರೆಯುತ್ತೇನೆ. ಬಾಗಿಲು ತೆರೆದವಳು ದಾಕ್ಷಿ. ಮಧ್ಯಾಹ್ನದ ಬಿಸಿಲಲ್ಲೂ ಮೊಣಕೈ ಮುಚ್ಚುವ ಕುಪ್ಪಸ ತೊಟ್ಟಿದ್ದಳಂತೆ. "ಯಾರಿಗಾದ್ರೂ ಆರಾಮಿಲ್ಲೇನಪ್ಪಾ?" ಎಂದು ಕೇಳಿದಳು. ಇವರು, "ಎಲ್ಲಾರೂ ಆರಾಮದಾರ. ನಿನ್ನ ಕರಕೊಂಡ ಹೋಗಾಕ ಬಂದೀನಿ" ಅಂದರು. ಯಾಕೆ ಅಂತ ಆಕೆ ಕೇಳಲೇ ಇಲ್ಲ, ಅಕ್ಕಾ. ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ತುಂಬಿ ಬಂದು ಅಪ್ಪನ ಹಿಂದೆ ನಿಂತಳು. ಕಾಶಿನಾಥ ಪೇಪರು ಓದುತ್ತ ಕೂತಿದ್ದವನು ಎದ್ದು, "ಯಾರನ್ನ ಕೇಳಿ ಕರಕೊಂಡ ಹೊಂಟೀರಿ?" ಅಂದ. ಇವರು, "ಯಾರನ್ನೂ ಕೇಳಾಕ ಬಂದಿಲ್ಲ" ಅಂದರು. "ಹಂಗಾರ ತಿರುಗಿ ಬರೂದ ಬ್ಯಾಡ" ಎಂದು ಅವನು ಕೂಗಿದ್ದು ಬೀದಿಯವರೆಗೂ ಕೇಳಿಸಿತಂತೆ. ಬಸ್ಸು ನೆಲಮಂಗಲ ದಾಟಿದ ಮೇಲೆ ಆಕೆ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳಂತೆ.

ಬಂದ ದಿನ ಎಣ್ಣೆ ಹಚ್ಚಿ ನೀರು ಹಾಕಿದೆ. ಬೆನ್ನು ನೋಡಿದೆ. ಅದನ್ನು ಬರೆಯಲಾರೆ. ಈ ಸಂಬಂಧ ತೋರಿಸಿದ್ದು ಮಾಮಾ ಎಂದು ನೀವಿಬ್ಬರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹುಡುಗನನ್ನು ಕಣ್ಣಾರೆ ನೋಡಿ ಒಪ್ಪಿಕೊಂಡವರು ನಾವು. ಕಾಶಿನಾಥನ ಕಡೆಯವರು ಹಿರಿಯರನ್ನು ಕೂಡಿಸುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಕೂಡಿಸಲಿ. ಆಕೆ ಹೋಗುವುದಿಲ್ಲ. ಮನೆಯಲ್ಲಿ ಒಬ್ಬರು ಹೆಚ್ಚಾದರೆಂದು ಸೊಣ್ಣಮ್ಮ ಏನಾದರೂ ಅಂದಾಳು ಎಂದು ಹೆದರಿದ್ದೆ. ಅವಳು ದಾಕ್ಷಿಯ ಕೈ ಹಿಡಿದು, "ಮಗ ತವರ್ಗೆ ಬಂದ್ರೆ ಬ್ಯಾಡ ಅನ್ನಾಕೆ ನಾನೇನು ರಾಕ್ಸಸೀನಾ?" ಎಂದು ಒಂದು ಸೇರು ಅವರೆಕಾಯಿ ಕೊಟ್ಟು ಹೋದಳು.

ಅವ್ವನಿಗೆ ನಿಧಾನವಾಗಿ ಹೇಳು, ಒಂದೇ ಸಲಕ್ಕೆ ಹೇಳಬೇಡ. ನಿನ್ನ ಮನೆ, ನಿನ್ನ ಮಕ್ಕಳು ತಣ್ಣಗಿರಲಿ. ಶಿವರಾತ್ರಿಗೆ ಆದರೆ ಬಾ. ದಾಕ್ಷಿಗೆ ನಿನ್ನ ಮಡಿಲು ಬೇಕಾಗಿದೆ.

ನಿನ್ನ ನಿಂಗಿ

ತಾ. ಕ.: ಮೇಲಿನದನ್ನು ಮಾಮಾ ಅವರಿಗೂ ಓದಿ ಹೇಳು. ಈ ಬೇರೆ ಹಾಳೆಯನ್ನು ನೀನೊಬ್ಬಳೇ ಓದಿ ಒಲೆಗೆ ಹಾಕು.

ದಾಕ್ಷಿ ಬಂದ ದಿನ ಹಂಡ್ಯಾ ಕುಣಿದಾಡುತ್ತದೆ ಎಂದು ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಆಕೆ ಹೊಸ್ತಿಲು ದಾಟಿದಳು. ಹಂಡ್ಯಾ ನೋಡಿತು. ನೋಡಿದ್ದೇ ನೆಲಕ್ಕೆ ಹತ್ತಿ, ನಿಂತಲ್ಲೇ ಒದ್ದೆ ಮಾಡಿತು, ಅಕ್ಕಾ. ಎಷ್ಟೋ ದಿನದ ಮೇಲೆ.

ದಾಕ್ಷಿ ಚೀಲ ಕೆಳಗಿಟ್ಟು, "ನಾ ಒರಸ್ತೀನಿ ಅವ್ವಾ" ಎಂದು ಬಟ್ಟೆ ತಂದು ಒರೆಸುತ್ತ ಕೂತಳು. ಒರೆಸುತ್ತಲೇ ಹೇಳಿದಳು: "ಅವರು ಬೆಲ್ಟ ನನ್ನ ಕೈಗೆ ಕೊಡತಿದ್ರು. ನಿನ್ನ ತವರಿನ ನಾಯಿ, ನೀನೇ ಬುದ್ಧಿ ಕಲಸು, ಇಲ್ಲಂದ್ರ ನಿನಗ ನಾ ಕಲಸ್ತೀನಿ ಅಂತಿದ್ರು. ನಾ ಹೊಡದಷ್ಟೂ ಅದು ಹೆಚ್ಚು ಮಾಡತಿತ್ತು. ಆಮ್ಯಾಲಾಮ್ಯಾಲೆ ಅವರು ಮನ್ಯಾಗ ಇಲ್ಲದಾಗೂ ಹೊಡೀತಿದ್ದೆ ಅವ್ವಾ. ಅವರು ಹೇಳದಿದ್ರೂ."

ಆಮೇಲೆ ಆಕೆಯ ಬೆನ್ನಿನ ಗಾಯ ನೋಡಿಯೂ ತಡೆದುಕೊಂಡೆ, ಈ ಮಾತನ್ನು ಮಾತ್ರ ತಡೆದುಕೊಳ್ಳಲು ಆಗಿಲ್ಲ. ಹೊಡೆತ ತಿಂದ ಮೈ ಒಂದು ದಿನ ಮರೆಯಬಹುದು. ಹೊಡೆದ ಕೈ ಮರೆಯುತ್ತದೆಯೇ? ನನ್ನ ಮಗಳ ಒಳಗೆ ಅವನು ಇಟ್ಟು ಕಳಿಸಿದ್ದನ್ನು ನಾನು ಯಾವ ನೀರು ಹಾಕಿ ತೊಳೆಯಲಿ?

ಈಗ ಹಂಡ್ಯಾನ ಅನ್ನ ಕಲಸುವುದು ದಾಕ್ಷಿಯೇ. ಇಟ್ಟು ದೂರ ಹೋಗಿಬಿಡುತ್ತಾಳೆ, ಆಮೇಲೆ ಅದು ಬಂದು ತಿನ್ನುತ್ತದೆ. ನಿನ್ನೆ ಮಧ್ಯಾಹ್ನ ಅವಳು ಹೋಗುವ ಮೊದಲೇ ಬಂದು ತಟ್ಟೆಗೆ ಬಾಯಿ ಹಾಕಿತು. ಆಕೆ ಗೋಡೆಯ ಕಡೆ ಮುಖ ಮಾಡಿ, ಅನ್ನ ಹತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡು, ಅದು ತಿಂದು ಮುಗಿಸುವ ತನಕ ಅಲುಗಾಡದೆ ನಿಂತಿದ್ದಳು.