ಪಕ್ಕದಿಂದ ಎಳೆದು ನೋಡಿ

ಮಾರ್ಚ್ ೧೧, ಮಂಗಳವಾರ

ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ನಮ್ಮ ಟ್ಯಾಬ್ಲೆಟ್ಟನ್ನು ಜನ ಯಾಕೆ ವಾಪಸ್ ಕೊಡುತ್ತಿದ್ದಾರೆಂದು ತಿಳಿಯಲು, ಮಾರಾಟಕ್ಕೆ ಮುಂಚೆ ಹೊಸಬರ ಕೈಗೆ ಕೊಟ್ಟು ನಾನು ನಡೆಸಿದ್ದ ಪರೀಕ್ಷೆಯ ವಿಡಿಯೋಗಳನ್ನು ಇವತ್ತು ಮೀಟಿಂಗಿನಲ್ಲಿ ಹಾಕಿದರು. ಪ್ರತಿಯೊಂದರಲ್ಲೂ ಹಿಂದಿನ ಪುಟಕ್ಕೆ ಹೋಗುವುದು ತಿಳಿಯದೆ ಯಾರದೋ ಬೆರಳು ತಡವರಿಸುತ್ತದೆ, ಆಮೇಲೆ ನನ್ನ ದನಿ: “ಪಕ್ಕದಿಂದ ಎಳೆದು ನೋಡಿ.” ಪರೀಕ್ಷೆಯಲ್ಲಿ ಹೇಳಿಕೊಡಬಾರದು, ಆದರೂ ಪಾಪ ಅನಿಸಿ ಹೇಳಿಕೊಟ್ಟಿದ್ದೆ. ವರದಿಯಲ್ಲಿ ಮಾತ್ರ ಎಲ್ಲರಿಗೂ ಸುಲಭ ಎಂದು ಬರೆದಿದ್ದೆ. ಯಾರೂ ಬೈಯಲಿಲ್ಲ. ಮ್ಯಾನೇಜರ್ ಸುಮ್ಮನೆ ವಾಲ್ಯೂಮ್ ತಗ್ಗಿಸಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಮನೆಗೆ ಬಂದು ಅತ್ತೆಯ ಕೈಗೆ ಅದೇ ಟ್ಯಾಬ್ಲೆಟ್ ಕೊಟ್ಟು, ತುಟಿ ಕಚ್ಚಿಕೊಂಡು ಕೂತೆ. ಫೋಟೋ ತೆರೆದರು. ಹೊರಗೆ ಬರಲು ಗೊತ್ತಾಗಲಿಲ್ಲ. ಒತ್ತಿದರು, ತಿರುಗಿಸಿದರು, ನನ್ನ ಮುಖ ನೋಡಿದರು.

“ನಂಗಿದೆಲ್ಲ ತಲೆಗೆ ಹತ್ತಲ್ಲಮ್ಮ, ತಪ್ಪು ನಂದೇ,” ಎಂದು ಕೆಳಗಿಟ್ಟರು.

ತಪ್ಪು ನಿಮ್ಮದಲ್ಲ ಎಂದು ಆಗಲಾದರೂ ನಾನು ಹೇಳಬೇಕಿತ್ತು.