ಹೂಮಳೆಗೆ ಮುಂಚೆ ಇಳಿಸಿದ ಹೆಂಚು

ಹೆಗ್ಗದ್ದೆ
ತಾ. 10-4-2003, ಗುರುವಾರ

ಪ್ರೀತಿಯ ಮಗಳು ಚೈತ್ರಳಿಗೆ,

ನಿನ್ನ ಅಪ್ಪ ನಂಜುಂಡ ಮಾಡುವ ಆಶೀರ್ವಾದಗಳು. ಇಲ್ಲಿ ನಾನು, ನಿಮ್ಮವ್ವ, ಕೊಟ್ಟಿಗೆಯ ದನಕರು ಎಲ್ಲರೂ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಕಾಲಿನ ಊತ ಇಳಿಯಿತಾ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ ಅಂತ ನರ್ಸಮ್ಮ ಹೇಳಿದ್ದನ್ನು ಮರೆಯಬೇಡ. ಕಬ್ಬಿಣದ ಮಾತ್ರೆ ಬಾಯಿಗೆ ಸೇರುವುದಿಲ್ಲ ಅಂತ ಹಿತ್ತಲಿಗೆ ಎಸೆಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಆಲೂರಿಗೆ ತೋರಿಸಲು ಹೋಗುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಬೇಡ. ಕೆ. ಹೊಸಕೋಟೆಯಿಂದ ಆಚೆ ರಸ್ತೆಯಲ್ಲಿ ಎಂಥ ಗುಂಡಿಗಳಿವೆ ಅಂತ ಸೀಮಂತಕ್ಕೆ ಬಂದಾಗ ನೋಡಿದ್ದೇನೆ. ಕಂಡಕ್ಟರಿಗೆ ಹೇಳಿ ಮುಂದೆ ಕೂತುಕೋ, ನಾಚಿಕೆ ಪಡಬೇಡ. ಇಷ್ಟನ್ನೆಲ್ಲ ಫೋನಿನಲ್ಲಿ ಹೇಳೋಣ ಅಂತ ಆನೇಮಹಲ್ಲಿನವರೆಗೂ ಹೋಗಿದ್ದೆ. ಬೂತಿನಲ್ಲಿ ಮೀಟರ್ ಓಡುವುದು ಕಂಡರೆ ನನಗೆ ಮಾತೇ ಹೊರಡುವುದಿಲ್ಲ, ಹಿಂದೆ ನಿಂತವರು ಬೇರೆ ಕೆಮ್ಮುತ್ತಾರೆ. ಹಾಗೇ ವಾಪಸು ಬಂದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು, ಎಲ್ಲಾದರೂ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಹೆಂಚು ಇಳಿಸಿದ್ದೇವೆ. ಓದಿ ಗಾಬರಿಯಾಗಬೇಡ, ನಾನು ಆಗಿರುವಷ್ಟು ಸಾಕು. ಈ ಪತ್ರ ಬರೆಯುತ್ತಿರುವಾಗ ನನ್ನ ತಲೆಯ ಮೇಲೆ ಆಕಾಶ ಬಿಟ್ಟರೆ ಇನ್ನೇನೂ ಇಲ್ಲ. ನಡುಮನೆಯಲ್ಲಿ ಕೂತಿದ್ದೇನೆ, ಬಿಸಿಲು ನೇರ ಹಾಳೆಯ ಮೇಲೆ ಬೀಳುತ್ತಿದೆ, ಒಂದು ಕಾಗೆ ಗೋಡೆಯ ಮೇಲೆ ಕೂತು ಒಳಕ್ಕೆ ಇಣುಕುತ್ತಿದೆ. ನೀನು ಚಿಕ್ಕವಳಿದ್ದಾಗ ಉದುರಿದ ಹಲ್ಲನ್ನು ಸಗಣಿಯಲ್ಲಿ ಇಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆಯಲ್ಲ, ಹೆಂಚು ಇಳಿಸುವಾಗ ಒಂದೊಂದನ್ನೂ ತಿರುಗಿಸಿ ನೋಡಿದೆ. ಬಚ್ಚಲ ಕಡೆಯ ಸಾಲಿನಲ್ಲಿ ಬೆಳ್ಳಗಿನ ಚಿಕ್ಕ ಚೂರೊಂದು ಸಿಕ್ಕಿತು. ನಿಮ್ಮವ್ವ ಅದನ್ನು ಬೆರಳಲ್ಲಿ ಹಿಡಿದು ನೋಡಿ ಸುಣ್ಣದ ಹರಳು ಅಂದಳು. ಇರಲಿ ಅಂತ ಎಲೆಅಡಿಕೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಇಷ್ಟು ವರ್ಷ ಮಾಡದ್ದನ್ನು ಈಗ ಯಾಕೆ ಮಾಡಲು ಹೋದೆ ಅಂತ ನೀನು ಕೇಳುವುದಿಲ್ಲ, ನಿನಗೆ ಗೊತ್ತೇ ಇದೆ. ಹೋದ ಶ್ರಾವಣದಲ್ಲಿ ನಿಮ್ಮತ್ತೆ ಸುಲೋಚನಮ್ಮನವರು ಬಂದಾಗ ಅವರ ಊಟದ ಎಲೆಯ ಪಕ್ಕದಲ್ಲೇ ಸೋರಿ, ನಿಮ್ಮವ್ವ ಪಲ್ಯದ ಪಾತ್ರೆ ಸರಿಸಿ ಅಲ್ಲಿ ಬೋಗುಣಿ ಇಟ್ಟಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅವತ್ತು ಅವರು ಎಲೆಯನ್ನು ಪಕ್ಕಕ್ಕೆ ಎಳೆದುಕೊಂಡು ಉಂಡೆದ್ದರು. ನಿನ್ನ ಸೀಮಂತದ ದಿನ ತಾಂಬೂಲ ಕೊಡುವಾಗ ಅಂದರು: ‘ಬೀಗರೇ, ಬಾಣಂತಿ ಮಲಗೋ ಮನೇಲಿ ಒಂದು ತೊಟ್ಟೂ ಸೋರಬಾರದು ನೋಡಿ. ಮಾಡು ಮುಗಿಸಿ, ಬಂದು ಕರ್ಕಂಡೋಗಿ. ಆಗಲಿಲ್ಲಾಂದ್ರೆ ಇಲ್ಲೇ ಆಗ್ಲಿ ಬಿಡಿ, ನಾವೇನು ಬ್ಯಾರೆಯೋರಾ?’ ಅವರು ಅಂದದ್ದರಲ್ಲಿ ತಪ್ಪೇನಿಲ್ಲ. ನಾನೂ ಆಗಲಿ ಅಂತ ತಲೆಯಾಡಿಸಿ ಬಂದೆ. ಬಸ್ಸು ಹತ್ತಿದ ಮೇಲೆ ಬೆರಳು ಮಡಿಸಿ ತಿಂಗಳು ಎಣಿಸಿದೆ. ಏಳನೇ ತಿಂಗಳಲ್ಲಿ ಕರೆತರಬೇಕು. ಎಂಟರಲ್ಲಿ ಬಸುರಿಯನ್ನು ಹೊಳೆ ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂಬತ್ತಕ್ಕೆ ಕಾದರೆ ಮುಂಗಾರು ಹಿಡಿದಿರುತ್ತದೆ, ಆ ಮಳೆಯಲ್ಲಿ ನಮ್ಮ ಘಟ್ಟದ ಅಂಚಿಗೆ ನಿನ್ನನ್ನು ಯಾರು ಕಳಿಸುತ್ತಾರೆ? ಅಂದರೆ ಈ ತಿಂಗಳು ಹೆಂಚಾಗಬೇಕು, ಇಲ್ಲವಾದರೆ ಮೊದಲ ಹೆರಿಗೆಗೆ ನೀನು ತವರಿಗೆ ಬರುವುದಿಲ್ಲ.

ನಮ್ಮ ಕಡೆ ಮಾಡು ಬಿಚ್ಚಲು ಯಾವ ಕಾಲ ಒಳ್ಳೆಯದು ಅಂತ ಒಬ್ಬರೂ ನೆಟ್ಟಗೆ ಹೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಆಕಾಶವೇನೋ ತಿಳಿಯಾಗಿರುತ್ತದೆ, ಆದರೆ ಆಗ ಕಾಫಿ ಹಣ್ಣು ಕೊಯ್ಯುವ ಕಾಲ. ಎಸ್ಟೇಟಿನವರು ಕೂಲಿಯವರ ಲೈನ್ ಮನೆಗಳಿಗೇ ಜೀಪು ಕಳಿಸಿ ಆಳುಗಳನ್ನು ಎಳೆದುಕೊಂಡು ಹೋಗುತ್ತಾರೆ, ಹೆಂಚು ಇಳಿಸುವುದಕ್ಕೆ ಯಾರು ಬರುತ್ತಾರೆ? ಕಣದ ತುಂಬ ಕಾಫಿ ಒಣಗುತ್ತಿರುವಾಗ ಅದರ ಮೇಲೆ ಹೆಂಚಿನ ಪುಡಿ ಉದುರಿಸುವಂತೆಯೂ ಇಲ್ಲ. ಅದು ಮುಗಿಯುವಷ್ಟರಲ್ಲಿ ಶಿವರಾತ್ರಿ ಕಳೆದು ಎಲ್ಲರೂ ಕಾಫಿ ಮೊಗ್ಗು ಅರಳಿಸುವ ಹೂಮಳೆಗೆ ಕಾಯಲು ಶುರು ಮಾಡುತ್ತಾರೆ. ಆಮೇಲೆ ಗುಡುಗು, ಗಾಳಿ, ಆಲಿಕಲ್ಲು. ಹೋದ ವರ್ಷ ನಮ್ಮ ಪಕ್ಕದ ಲಿಗೋರಿಯವರ ಕೊಟ್ಟಿಗೆಯ ಶೀಟುಗಳನ್ನು ಗಾಳಿ ಎತ್ತಿಕೊಂಡು ಹೋಗಿ ಹಳ್ಳದಾಚೆ ಹಾಕಿದ್ದನ್ನು ನೀನೇ ನೋಡಿದ್ದೀಯ. ಅದು ನಿಂತಿತು ಅನ್ನುವಷ್ಟರಲ್ಲಿ ಮುಂಗಾರು. ಮತ್ತೆ ದೀಪಾವಳಿವರೆಗೆ ಕೊಡೆ ಮಡಿಸುವಂತಿಲ್ಲ. ಹೀಗೆ ನಾನು ಪ್ರತಿ ವರ್ಷ ಲೆಕ್ಕ ಹಾಕುತ್ತಾ ಹಾಕುತ್ತಾ ಬೋಗುಣಿ ಇಡುತ್ತಾ ಬಂದೆ. ನಿಮ್ಮವ್ವ ಅನ್ನುತ್ತಾಳೆ, ‘ಮಗಳಿಗಿಂತ ಮುಂಚೆ ನಿಮಗೇ ನೋವು ಬಂದಂಗೈತೆ. ಕೂತ್ರೂ ಸಮಾಧಾನ ಇಲ್ಲ, ನಿಂತ್ರೂ ಸಮಾಧಾನ ಇಲ್ಲ.’

ಈ ವರ್ಷ ಹೂಮಳೆ ಇನ್ನೂ ಬಿದ್ದಿಲ್ಲ. ಗಿಡದ ಮೇಲೆ ಮೊಗ್ಗು ಅಕ್ಕಿಕಾಳಿನಂತೆ ನಿಂತು ನಿಂತು ತುದಿ ಕಂದುತ್ತಿದೆ. ತುಂತುರು ನೀರು ಹಾಯಿಸುವ ಮಿಷನ್ನು ಇರುವ ದೊಡ್ಡವರಿಗೆ ಚಿಂತೆಯಿಲ್ಲ, ನಮ್ಮಂಥವರೆಲ್ಲ ಕತ್ತು ನೋಯುವಷ್ಟು ಮೇಲೆ ನೋಡುತ್ತಿದ್ದಾರೆ. ಸೋಮವಾರ ಊರವರೆಲ್ಲ ಸೇರಿ ಬಸವಣ್ಣನ ಗುಡಿಯಲ್ಲಿ ಮಳೆಗೆ ಪೂಜೆ ಮಾಡಿಸಿದರು. ನಿಮ್ಮವ್ವನ ಪಕ್ಕದಲ್ಲಿ ನಾನೂ ಕೈಮುಗಿದು ನಿಂತೆ. ಹೊಸ ಹೆಂಚು ಅಂಗಳಕ್ಕೆ ಬಂದು ಬಿದ್ದಿತ್ತು, ಬಡಗಿ ದಾಸಯ್ಯ ಆ ವಾರವೇ ಬರುತ್ತೇನೆ ಅಂದಿದ್ದ. ನನ್ನ ಬಾಯಲ್ಲಿ ‘ಇನ್ನು ನಾಲ್ಕು ದಿನ ತಡಿ ಸ್ವಾಮಿ’ ಅಂತ ಬಂದುಬಿಟ್ಟಿತು. ನಮ್ಮದೇ ಗಿಡದ ಮೊಗ್ಗು ಒಣಗುತ್ತಿದೆ, ನಾನು ನೋಡಿದರೆ ಮಳೆ ಬೇಡ ಅನ್ನುತ್ತಿದ್ದೇನೆ. ಹೊರಗೆ ಬಂದ ಮೇಲೆ ನಿಮ್ಮವ್ವ ಏನು ಬೇಡಿಕೊಂಡಿರಿ ಅಂದಳು. ನೀನು ಬೇಡಿದ್ದನ್ನೇ ಅಂದೆ. ಮುಖ ನೋಡಿದವಳೇ, ‘ಮನೇಲಿ ಸುಳ್ಳು ಹೇಳಿ, ಗುಡಿ ಬಾಗ್ಲಲ್ಲಿ ಬ್ಯಾಡ. ಆ ಬಸವಣ್ಣ ಆದ್ರೂ ಏನು ಮಾಡಾನು, ಗಂಡ ಒಂದು ಕೇಳ್ತಾನೆ, ಹೆಂಡ್ತಿ ಒಂದು ಕೇಳ್ತಾಳೆ’ ಅಂದಳು.

ಅವತ್ತು ಸಾಯಂಕಾಲ ಅಂಗಡಿಯ ಮುಂದೆ ಮೇಲಿನ ತೋಟದ ಚನ್ನಬಸವಯ್ಯ ನನ್ನನ್ನು ಹಿಡಿದುಕೊಂಡ. ‘ನಂಜುಂಡಣ್ಣ, ಹೆಂಚು ಯಾವಾಗ ಇಳಿಸ್ತೀಯ ಮಾರಾಯ? ನಿನ್ ಮನೆ ಮುಚ್ಕಂಡಿರೋವರ್ಗೂ ಮಳೆ ಬರಲ್ಲ ಕಣೋ. ನೀ ಬಿಚ್ಚು, ಹೊತ್ತು ಮುಳುಗೋದ್ರೊಳ್ಗೆ ಸುರಿದ್ಬುಡ್ತದೆ.’ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ತಮಾಷೆ ಅಂದುಕೊಂಡಿದ್ದೆ. ಮಾರನೆಯ ದಿನ ಕಾಫಿ ಕುಡಿಯುತ್ತಿರುವಾಗ ನೋಡುತ್ತೇನೆ, ತನ್ನ ತೋಟದ ಆಳುಗಳನ್ನೆಲ್ಲ ಕಟ್ಟಿಕೊಂಡು ಏಣಿ ಸಮೇತ ಅಂಗಳದಲ್ಲಿ ನಿಂತಿದ್ದಾನೆ. ಮಂಗಳವಾರ ಬೇಡ ಕಣೋ ಅಂದೆ. ಮಳೆಗೆ ಯಾವ ವಾರ ಅಂದ. ಕೂಲಿ ಎಷ್ಟು ಅಂದೆ. ‘ಕೂಲಿ ಯಾರಿಗ್ ಬೇಕು, ಮಳೆ ಬಂದ್ರೆ ಸಾಕು’ ಅಂತ ಅವನೇ ಮೊದಲು ಏಣಿ ಹತ್ತಿದ. ಸುಗ್ಗಿಯಲ್ಲಿ ದುಡ್ಡು ಕೊಟ್ಟರೂ ಸಿಗದ ಜನ ಪುಕ್ಕಟೆ ಬಂದು, ನಿಮ್ಮಜ್ಜನ ಕಾಲದ ನಾಡಹೆಂಚನ್ನು ಮಧ್ಯಾಹ್ನದೊಳಗೆ ಇಳಿಸಿ ಹಿತ್ತಲಿನಲ್ಲಿ ಒಟ್ಟಿಬಿಟ್ಟರು. ಆಮೇಲೆ ಎಲ್ಲರೂ ಸಾಲಾಗಿ ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿಯುತ್ತಾ, ಆಕಾಶ ನೋಡಿದರು. ಒಂದು ಮೋಡ ಬರಲಿಲ್ಲ. ಏಳುವಾಗ ಚನ್ನಬಸವಯ್ಯ, ‘ನಿನ್ ಮಾಡಿಗೂ ಒಂದ್ ಮರ್ಯಾದೆ ಇಲ್ವಲ್ಲೋ’ ಅಂತ ಬೇಜಾರು ಮಾಡಿಕೊಂಡು ಹೋದ. ನನಗೆ ಒಳಗೊಳಗೆ ಸಂತೋಷ. ಆ ಸಂತೋಷಕ್ಕೂ ಭಯ.

ನಿನ್ನೆ ದಾಸಯ್ಯ ಬಂದ. ಎರಡು ದಿನದಲ್ಲಿ ರೀಪು ಹೊಡೆದು ಮಂಗಳೂರು ಹೆಂಚು ಕೂರಿಸಿಬಿಡಬಹುದು ಅಂದುಕೊಂಡಿದ್ದೆ. ಅವನು ಗೋಡೆ ಹತ್ತಿ ಮರಗಳನ್ನೆಲ್ಲ ಕೊಡಲಿಯ ಹಿಂಬದಿಯಿಂದ ಬಡಿಯುತ್ತಾ ಬಂದು ನಡುಮನೆಯ ತೊಲೆಯ ಹತ್ತಿರ ನಿಂತುಬಿಟ್ಟ. ಅದೇ ಕಣಮ್ಮ, ನಿನ್ನ ತೊಟ್ಟಿಲು ಕಟ್ಟಿದ್ದ ತೊಲೆ. ನನ್ನದನ್ನೂ ಅದಕ್ಕೇ ಕಟ್ಟಿದ್ದರಂತೆ. ಕೆಳಗಿನಿಂದ ನೋಡಿದರೆ ಹೊಗೆ ಕುಡಿದು ಕರ್ರಗೆ ಮಿರುಗುತ್ತಿತ್ತು, ಎಂದೂ ಅನುಮಾನ ಬಂದಿರಲಿಲ್ಲ. ಅವನು ಬಡಿದರೆ ಖಾಲಿ ಡಬ್ಬದ ಸದ್ದು. ಉಳಿ ಹಾಕಿ ಮೀಟಿದ, ಒಳಗಿನಿಂದ ಮಣ್ಣು ಹಿಟ್ಟಿನಂತೆ ಸುರಿಯಿತು. ಎಲ್ಲ ಗೆದ್ದಲು. ‘ಇದು ಹೆಂಚನ್ನ ಹೊತ್ತಿರ್ಲಿಲ್ಲ ನಂಜುಂಡಪ್ಪ, ಹೆಂಚೇ ಇದನ್ನ ಹಿಡ್ಕಂಡಿತ್ತು’ ಅಂದ. ತೊಟ್ಟಿಲ ಕೊಂಡಿಯನ್ನು ಕೈಯಲ್ಲೇ ಕಿತ್ತು ನನ್ನ ಕೈಗೆ ಕೊಟ್ಟ, ಹಣ್ಣಿನಿಂದ ತೊಟ್ಟು ಬಿಟ್ಟ ಹಾಗೆ ಬಂತು. ಹೆಂಚು ಬಿಚ್ಚದೆ ಇದ್ದಿದ್ದರೆ, ಆಷಾಢದಲ್ಲಿ ಕೂಸು ಅದರ ಕೆಳಗೆ ಇರುತ್ತಿತ್ತು. ಅದನ್ನು ಯೋಚಿಸಬಾರದು ಅಂತ ನಿಮ್ಮವ್ವ ಗದರಿದಳು, ಆದರೆ ನನ್ನ ತಲೆ ನನ್ನ ಮಾತು ಎಲ್ಲಿ ಕೇಳುತ್ತದೆ?

ಈಗ ತೊಲೆಗೆ ಏನು ಮಾಡುವುದು? ನಮ್ಮ ತೋಟದ ಹಲಸು ಕಡಿದರೆ ಹಸಿಮರ, ಒಣಗುವಷ್ಟರಲ್ಲಿ ವರ್ಷ ಕಳೆಯುತ್ತದೆ. ಲಿಗೋರಿಯವರು ಗಾಳಿಗೆ ಹೋದ ಕೊಟ್ಟಿಗೆಯ ತೊಲೆಯನ್ನು ತೆಗೆದುಕೊಂಡು ಹೋಗಿ ಅಂದರು. ಹೆಬ್ಬಲಸಿನದು, ಗಟ್ಟಿ ಇದೆ. ಗಾಳಿ ಶೀಟು ಒಯ್ದರೂ ಅದನ್ನು ಅಲುಗಿಸಿರಲಿಲ್ಲ. ಇವತ್ತು ಬೆಳಿಗ್ಗೆ ಹೊತ್ತು ತಂದೆವು. ದಾಸಯ್ಯ ಅಂಗಳದಲ್ಲಿ ಅದರ ಮೈ ಕೆತ್ತುತ್ತಿದ್ದಾನೆ. ಅದನ್ನು ಏರಿಸಿ, ಪಕ್ಕದ ಗೋಡೆಯ ತಲೆ ಸರಿಮಾಡಿ, ಆಮೇಲೆ ರೀಪು, ಆಮೇಲೆ ಹೆಂಚು. ಪಡುವಣ ಕಡೆ ಸ್ವಲ್ಪ ಮೋಡ ಕಾಣುತ್ತಿದೆ, ಅದು ಹೊಗೆ ಇರಬಹುದು ಅಂದುಕೊಂಡಿದ್ದೇನೆ.

ಲಿಗೋರಿಯವರ ಮನೆಯ ಮೊಡೆಸ್ಟಾ ಬಾಯಮ್ಮ ಹೋದ ವಾರ ನಿಮ್ಮೂರಿಗೆ ತಂಗಿಯ ಮನೆಗೆ ಬಂದಾಗ ನಿನ್ನನ್ನು ನೋಡಿಕೊಂಡು ಬಂದರಲ್ಲ, ಎಲ್ಲ ಹೇಳಿದರು. ಮೈ ಕೈ ತುಂಬಿಕೊಂಡಿದ್ದೀಯಂತೆ, ನಿಮ್ಮತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ. ಹೋದ ತಕ್ಷಣ ‘ಮಾಡು ಆಯ್ತಾ ಬಾಯಮ್ಮ’ ಅಂತ ಕೇಳಿದೆಯಂತೆ. ಕಾಫಿ ಕೊಡುವಾಗ ಮತ್ತೆ ಕೇಳಿದೆಯಂತೆ. ಗೇಟಿನ ತನಕ ಬಂದು, ಬಸ್ಸಿಗೆ ಹೊತ್ತಾಯಿತು ಅಂದರೂ ಸೆರಗು ಬಿಡದೆ ಮತ್ತೊಂದು ಸಲ ಕೇಳಿದೆಯಂತೆ. ನೋಡು, ಮನೆಯ ಬಗ್ಗೆ ನನ್ನ ಮಗಳಿಗೆ ಎಷ್ಟು ಕಾಳಜಿ ಅಂತ ನಿಮ್ಮವ್ವನಿಗೆ ಹೇಳಿದೆ. ಅವಳು ಒಲೆಯ ಕಡೆ ಎದ್ದು ಹೋದಳು. ನೀನು ಅಷ್ಟು ಕೇಳಿದ್ದಕ್ಕೇ ಹೆಂಚಿನ ವಿಷಯವನ್ನು ಬಿಡಿಸಿ ಬಿಡಿಸಿ ಬರೆದಿದ್ದೇನೆ. ಮಾಡಿನ ಚಿಂತೆಯನ್ನು ನನಗೆ ಬಿಡು. ಏಳು ತುಂಬುವುದರೊಳಗೆ ಮುಗಿದರೆ ಬಂದು ಕರೆತರುತ್ತೇವೆ. ಮುಗಿಯದಿದ್ದರೆ ನಿಮ್ಮತ್ತೆ ಹೇಳಿದಂತೆ ಅಲ್ಲೇ ಇರುವುದು ನಿನಗೂ ಕೂಸಿಗೂ ಒಳ್ಳೆಯದು ಅಂತ ಕಾಣುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬೀಗರಿಗೆ, ಬೀಗಿತ್ತಿಯವರಿಗೆ, ಅಳಿಯಂದಿರಿಗೆ ನಮ್ಮ ನಮಸ್ಕಾರ ಹೇಳು. ಬಾಯಮ್ಮ ನಾಳೆ ಮೊದಲ ಬಸ್ಸಿಗೆ ಮತ್ತೆ ನಿಮ್ಮೂರ ಕಡೆ ಬರುತ್ತಾರೆ, ಅವರ ಕೈಯಲ್ಲೇ ಈ ಪತ್ರ ಕೊಟ್ಟು ಕಳಿಸುತ್ತೇನೆ. ಬಸವಣ್ಣ ನಿನ್ನ ಹೊಟ್ಟೆಯನ್ನು ತಂಪಾಗಿ ಇಟ್ಟಿರಲಿ. ಮಾತ್ರೆ ಮರೆಯಬೇಡ.

ಇಂತಿ ನಿನ್ನ ಅಪ್ಪ,
ನಂಜುಂಡ

ಮತ್ತೊಂದು ವಿಷಯ. ಇದನ್ನು ಲಿಗೋರಿಯವರ ಜಗಲಿಯಲ್ಲಿ ಕೂತು ಅವಸರದಲ್ಲಿ ಬರೆಯುತ್ತಿದ್ದೇನೆ. ಮಳೆ ಬಂತು. ಹೊಗೆಯಲ್ಲ, ಮೋಡವೇ ಆಗಿತ್ತು. ಮೇಲೆ ಹೊದಿಸಲು ಹೋದ ಟಾರ್ಪಾಲನ್ನು ಗಾಳಿ ಎತ್ತಿತು, ಹಾಸಿಗೆ ಟ್ರಂಕು ಇಲ್ಲಿಗೆ ಸಾಗಿಸಿದೆವು, ಉಳಿದದ್ದೆಲ್ಲ ನೆನೆಯಿತು. ಊರವರು ಒಬ್ಬರೂ ಮನೆಯೊಳಗಿಲ್ಲ, ಎಲ್ಲ ರಸ್ತೆಯಲ್ಲಿ ನಿಂತು ತೋಯುತ್ತಿದ್ದಾರೆ. ಚನ್ನಬಸವಯ್ಯ ಬೇಲಿಯಾಚೆಯಿಂದ ‘ನಾ ಹೇಳಿರ್ಲಿಲ್ವಾ ನಂಜುಂಡಣ್ಣ’ ಅಂತ ಕೂಗುತ್ತಿದ್ದಾನೆ. ನಮ್ಮ ಗಿಡಕ್ಕೂ ಬಿತ್ತು, ಇನ್ನೊಂದು ವಾರ ಕಳೆದರೆ ಹೂವಾಗಿ ಬೆಳ್ಳಗಾಗುತ್ತದೆ. ನಾನು ನಡುಮನೆಯಲ್ಲಿ ಬೋಗುಣಿ ಹಿಡಿದುಕೊಂಡು, ಎಲ್ಲಿಡಬೇಕೋ ಗೊತ್ತಾಗದೆ ನಿಂತಿದ್ದೆ. ನಿಮ್ಮವ್ವ ಅದನ್ನು ಕೈಯಿಂದ ತೆಗೆದುಕೊಂಡು ಕೆಳಗಿಟ್ಟಳು. ‘ಅವಳು ಮಾಡು ಕೇಳ್ತಿಲ್ಲ ಕಣ್ರೀ’ ಅಂದಳು. ‘ಮೂರು ಮೂರು ಸಲ ಯಾರಾದ್ರೂ ಹೆಂಚು ಕೇಳ್ತಾರಾ? ಯಾವಾಗ ಬಂದು ಕರ್ಕಂಡೋಗ್ತೀರಿ ಅಂತ ಕೇಳ್ತಾವಳೆ.’

ಅಲ್ಲೇ ಇರು ಅಂತ ಮೇಲೆ ಬರೆದದ್ದನ್ನು ಓದಬೇಡ. ಭಾನುವಾರ ಲಿಗೋರಿಯವರು ಇಗರ್ಜಿಯ ಪೂಜೆ ಮುಗಿಸಿಕೊಂಡು ಜೀಪು ತರುತ್ತಾರೆ, ನಾವಿಬ್ಬರೂ ಬರುತ್ತೇವೆ. ಹೆಂಚು ಆಗುವವರೆಗೆ ಬಾಯಮ್ಮನ ಮುಂದಿನ ಕೋಣೆಯಲ್ಲಿ ನೀನೂ ನಿಮ್ಮವ್ವನೂ ಮಲಗಬಹುದು, ಅದು ಸೋರುವುದಿಲ್ಲ, ನಾನು ಈಗಷ್ಟೇ ಒಳಗೆ ಹೋಗಿ ಮೂಲೆ ಮೂಲೆ ನೋಡಿ ಬಂದೆ. ನಿಮ್ಮತ್ತೆಯವರಿಗೆ ನೀನು ಏನೂ ಹೇಳಬೇಡ. ಮಾಡು ಆಗಿಲ್ಲ, ಆದರೂ ಕಳಿಸಿಕೊಡಿ ಅಂತ ನಾನೇ ಅವರ ಎದುರು ನಿಂತು ಕೇಳುತ್ತೇನೆ. ನೀನು ಬಟ್ಟೆ ಕಟ್ಟಿಟ್ಟುಕೋ.

ದಾಸಯ್ಯ ಮಳೆಗೆ ಮುಂಚೆಯೇ ನಿನ್ನ ತೊಟ್ಟಿಲ ಕೊಂಡಿಯನ್ನು ಹೊಸ ತೊಲೆಗೆ ಹೊಡೆದಿದ್ದ. ತೊಲೆ ಇನ್ನೂ ಅಂಗಳದಲ್ಲೇ ನೆನೆಯುತ್ತಾ ಬಿದ್ದಿದೆ. ಆ ಮಳೆಯಲ್ಲೇ ಹೋಗಿ, ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ ಎಳೆದು ನೋಡಿದೆ. ಅಲುಗಲಿಲ್ಲ.