ಬೀಡಿ ಬ್ರಾಂಚಿನ ಹೊತ್ತಿಗೆ ಕರೆದ ಸಭೆ

ಕುಲಶೇಖರ, ಮಂಗಳೂರು
ಮಂಗಳವಾರ, ೧೨ ನವೆಂಬರ್ ೨೦೨೪

ಪ್ರೀತಿಯ ತೃಷಾ,

ಕಳೆದ ವರ್ಷ ದೀಪಾವಳಿಗೆ ಮುಂಚೆ ನೀನೂ ನಿನ್ನ ಸ್ವಯಂಸೇವಕ ಗೆಳೆಯರೂ ಸೇರಿ ನಮ್ಮ ವಾಚನಾಲಯದ ಹಿಂದಿನ ಕೋಣೆಯಿಂದ ಬೀಡಿ ಕಟ್ಟುವ ಹೆಂಗಸರನ್ನು ಎಬ್ಬಿಸಿದಿರಿ. ಕ್ಷೇಮಸಮಾಚಾರಕ್ಕಿಂತ ಮೊದಲು ಇದನ್ನು ಬರೆದೆನೆಂದು ಸಿಟ್ಟಾಗಬೇಡ.

ಸುರತ್ಕಲ್‌ನ ಕಾಲೇಜಿನಲ್ಲಿ ಈ ಶನಿವಾರ ನಿನ್ನ ಭಾಷಣವೆಂದು ನಿನ್ನಮ್ಮ ಹಿಗ್ಗಿನಿಂದ ಆಮಂತ್ರಣದ ಕಾರ್ಡು ಕಳಿಸಿದ್ದಾಳೆ. 'ಅಭಿವೃದ್ಧಿಶೀಲ ದೇಶದಲ್ಲಿ ಸ್ವಯಂಸೇವೆ: ಯೋಜನಾ ನಿರ್ವಹಣೆಯ ಪಾಠಗಳು.' ಆ ದೇಶ ನಮ್ಮ ಓಣಿಯೆಂದು ತಿಳಿಯಲು ನಾನು ಎರಡು ಸಲ ಓದಬೇಕಾಯಿತು. ಮಸ್ಕತ್‌ನಿಂದ ರಜೆಗೆ ಬಂದಾಗ ಇದೇ ಓಣಿಯಲ್ಲಿ ನೀನು ಸೈಕಲ್ ಕಲಿತದ್ದು.

ಕಾರ್ಡಿನಲ್ಲಿ ಅಚ್ಚಾದ ಮೊದಲನೆಯ ಪಾಠ, 'ಸ್ಥಳೀಯರನ್ನು ಕೇಳಿಯೇ ಕೆಲಸ ಶುರುಮಾಡಿ.' ಕೇಳಿದ್ದೀರಿ, ನಿಜ. ಆ ಕೋಣೆಯ ವಿಷಯಕ್ಕೆ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದಿರಿ. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರಲು ಅವರೆಲ್ಲ ಬೀಡಿ ಕಂಪೆನಿಯ ಬ್ರಾಂಚಿನ ಮುಂದೆ ಸಾಲು ನಿಲ್ಲುವ ಹೊತ್ತದು. ಸಾಲು ಬಿಟ್ಟರೆ ಮರುದಿನ ಕೆಲಸವಿಲ್ಲ. ಯಾರೂ ಬರಲಿಲ್ಲ, 'ಯಾರ ಆಕ್ಷೇಪವೂ ಇಲ್ಲ' ಎಂದು ನೀವು ಬರೆದುಕೊಂಡಿರಿ.

ನೀನು ಸೋಮಾರಿಯಲ್ಲ. ಆ ಗೋಡೆಗೆ ನೀನೇ ಏಣಿ ಹತ್ತಿ ಬಣ್ಣ ಬಳಿದದ್ದನ್ನು ನೋಡಿದ್ದೇನೆ. ಆದರೆ ವಾಚನಾಲಯ ಕಟ್ಟುವಾಗ, ಅಲ್ಲಿ ಬೀಡಿ ಕಟ್ಟುತ್ತಿದ್ದ ಪಾತುಮ್ಮನ ತಾಯಿ ತಲೆಯ ಮೇಲೆ ಕೆಂಪುಕಲ್ಲು ಹೊತ್ತದ್ದನ್ನೂ ನೋಡಿದವಳು ನಾನು. ಹಿಂದಿನ ಕೋಣೆ ಹೆಂಗಸರಿಗೆ ಎಂಬುದು ಅಂದು ಕೊಟ್ಟ ಮಾತು. ಉಳಿದವರ ಕೈ ಬೀಡಿ ಕಟ್ಟುತ್ತಿರುವಾಗ ಒಬ್ಬಳು ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದಳು. ನಮ್ಮ ವಾರ್ಡಿನ ನಳ್ಳಿ ನೀರಿಗೆ ಅರ್ಜಿ ಹುಟ್ಟಿದ್ದೂ ಅಲ್ಲೇ.

ಈಗ ಅಲ್ಲಿ ನಿಮ್ಮ ಕಂಪ್ಯೂಟರುಗಳಿವೆ. ಕಲಿಸುವವರು ನಿಮ್ಮ ಜೊತೆಗೇ ಹೋದರು, ಬಾಗಿಲಿಗೆ ಬೀಗ. ಅಲ್ಲಿಂದ ಎದ್ದ ರಮ್ಲಾ ಈಗ ಮನೆಯಲ್ಲೇ ಬೀಡಿ ಕಟ್ಟುತ್ತಾಳೆ, ಅವಳಿಗೆ ಇರುವುದು ಒಂದೇ ಕೋಣೆಯ ಬಾಡಿಗೆ ಮನೆ. ಹೊಗೆಸೊಪ್ಪಿನ ಪುಡಿಯ ನಡುವೆಯೇ ಅವಳ ಎಳೆಮಗು ಮಲಗುತ್ತದೆ. ಅದರ ಕೆಮ್ಮು ಇನ್ನೂ ನಿಂತಿಲ್ಲ. ಡಾಕ್ಟರು ಮಗುವನ್ನು ಪುಡಿಯಿಂದ ದೂರ ಇಡಿ ಎಂದರಂತೆ. ಎಲ್ಲಿಡುವುದು?

ಪಾತುಮ್ಮ ಮೊನ್ನೆ ಗೇಟಿನಲ್ಲಿ ನಿಂತು, ಕಂಪ್ಯೂಟರಿಗೆ ಫ್ಯಾನ್ ಉಂಟು ಗುಣವತಿಯಕ್ಕ, ನಮಗೆ ಎಂತ ಉಂಟು ಮಾರಾಯ್ರೆ, ನಿಮ್ಮ ಹುಡುಗಿಯನ್ನು ಕೇಳಿ ಅಂದಳು. ನಕ್ಕೇ ಅಂದಳು. ನನಗೆ ನಗು ಬರಲಿಲ್ಲ.

ಭಾಷಣ ಬಿಡಬೇಡ. ಅದೇ ವೇದಿಕೆಯಲ್ಲಿ, ಎಲ್ಲರೆದುರು, ಎರಡು ಪ್ರಶ್ನೆಗೆ ಉತ್ತರ ಕೊಡು. ಕೋಣೆಯ ಕೀಲಿಕೈ ಯಾರ ಬಳಿ ಉಂಟು? ಅದು ಹೆಂಗಸರ ಕೈಗೆ ಬರುವುದು ಯಾವ ದಿನ?

ನಿನ್ನ ಮೇಲೆ ಪ್ರೀತಿ ಕಡಿಮೆಯಾಗದ,
ಗುಣವತಿ ದೊಡ್ಡಮ್ಮ

ತಾ.ಕ.: ಉತ್ತರ ಕೇಳಲು ಪಾತುಮ್ಮ, ರಮ್ಲಾ ಇಬ್ಬರೂ ಬಸ್ಸು ಹತ್ತಿ ಬರುತ್ತೇವೆ ಅಂದರು. ಕಾರ್ಡು ತಿರುಗಿಸಿ ನೋಡಿದೆ. ಭಾಷಣವೂ ಬೆಳಿಗ್ಗೆ ಹತ್ತಕ್ಕೇ, ಬ್ರಾಂಚಿನ ಹೊತ್ತಿಗೆ. ಮಧ್ಯಾಹ್ನ ಮೂರಕ್ಕೆ ಇಡಿಸು.